ಉಡುಗೊರೆಯ ರೂಪದ ಲಂಚ

ಕಾಮಗೆರೆ ಸೀಮೆಯ ಸದ್ಭಕ್ತರ ಮಕ್ಕಳನೇಕರು ಇಂದು ಸರ್ಕಾರಿ ನೌಕರಿಯಲ್ಲಿದ್ದಾರೆ. ಆಮಿಷವು ಅವರ ಬಳಿಗೆ ಲಂಚವೆಂಬ ಹೆಸರಿನಿಂದ ಬರುವುದು ವಿರಳ. ಹಬ್ಬದ ಉಡುಗೊರೆಯಾಗಿ, ಮಗುವಿನ ನಾಮಕರಣದ ಮುಯ್ಯಿಯಾಗಿ ಮನೆಯೊಳಕ್ಕೇ ಬರುತ್ತದೆ. ಆದುದರಿಂದ ಮೊದಲು ತಡೆಯಬೇಕಾದವರೂ ಮನೆಯವರೇ. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ ಲಕ್ಕಮ್ಮನವರು ಹಿಗ್ಗಲಿಲ್ಲ. ಅಧಿಕವಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿದರು.

ಖಾತೆ, ಪೋಡಿಗಾಗಿ ಕಚೇರಿ ಅಲೆಯುವವರಿಗೂ ಒಂದು ಮಾತು. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯಂತೆ ಲಂಚ ಕೊಡುವುದೂ ಅಪರಾಧವೇ. 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಬಲವಂತಕ್ಕೆ ಸಿಲುಕಿ ಕೊಟ್ಟವರು 7 ದಿನಗಳೊಳಗೆ ತಿಳಿಸಿದರೆ ವಿನಾಯಿತಿಯುಂಟು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದುಪಡಿಸಿದ ಬಳಿಕ ಇಂತಹ ದೂರುಗಳನ್ನು ಲೋಕಾಯುಕ್ತ ಪೊಲೀಸರೇ ಸ್ವೀಕರಿಸುತ್ತಾರೆ.