ಎಲ್ ಬೋರ್ಡ್ ಇದೆ, ಪಕ್ಕದ ಸೀಟು ಖಾಲಿ

ಮೊನ್ನೆ ಸಂಜೆ ಐದೂವರೆ ಬಸ್ಸು. ನಿಲ್ಲೋಕೂ ಜಾಗ ಇಲ್ಲ. ನನ್ನ ಪಕ್ಕ ಕೂತಿದ್ದ ಹುಡುಗಿ ತೊಡೆ ಮೇಲೆ ಒಂದು ಫೈಲು ಇಟ್ಟುಕೊಂಡು, ಕಿಟಕಿಯಾಚೆ ಮುಖ ಮಾಡಿ, ಕಣ್ಣೊರೆಸಿಕೊಳ್ತಾ ಇದ್ದಳು. ಕೇಳಬಾರದಾಗಿತ್ತೋ ಏನೋ, ಪತ್ರಿಕೆಯವರ ಚಾಳಿ ಬಿಡುತ್ಯೇ? "ಏನಮ್ಮ, ಹುಷಾರಿಲ್ವಾ?" ಅಂದೆ.

ಎಂ.ಎ. ಮನಶ್ಶಾಸ್ತ್ರ, ಎರಡನೇ ವರ್ಷ. ಆಪ್ತ ಸಲಹೆ ಕಲಿಯೋದಕ್ಕೆ ಅಂತ ಒಂದು ಕಡೆ ಇಂಟರ್ನ್‌ಶಿಪ್ಪಿಗೆ ಹಾಕಿದಾರೆ. ಎಲ್ಲಿ ಅಂತ ಬರೆಯೋದಿಲ್ಲ, ಬರೆದರೆ ಬೈಸಿಕೊಳ್ಳೋಳು ಅವಳೇ. ಸೇರಿದ ಎಂಟನೇ ದಿನ ಅವಳೊಬ್ಬಳೇ ಕೊಠಡಿಯಲ್ಲಿದ್ದಾಗ ಹಳ್ಳಿ ಕಡೆಯ ಹೆಂಗಸೊಬ್ಬರು ಬಂದು ಎದುರಿಗೆ ಕೂತರಂತೆ. ಸಾಲ, ಗಂಡನ ಕುಡಿತ ಎಲ್ಲ ಹೇಳಿಕೊಂಡು ಕೊನೆಗೆ, "ಇನ್ನು ಬದುಕಿರಬೇಕು ಅನ್ನಿಸ್ತಾ ಇಲ್ಲ ಕಣಮ್ಮ" ಅಂದರಂತೆ. ಮೇಲಿನ ಮೇಡಂ ಮೀಟಿಂಗಿಗೆ ಹೋಗಿದ್ದರು, ಫೋನ್ ಎತ್ತಲಿಲ್ಲ.

"ಧೈರ್ಯವಾಗಿರಿ ಅಂತ ಹೇಳಿ ಕಳಿಸಿಬಿಟ್ಟೆ ಸಾರ್. ನಾಲ್ಕು ದಿನ ಆಯ್ತು, ಮತ್ತೆ ಬಂದಿಲ್ಲ. ರಿಜಿಸ್ಟರಿನಲ್ಲಿ ಊರಿನ ಹೆಸರು ಮಾತ್ರ ಇದೆ, ಫೋನ್ ನಂಬರಿಲ್ಲ."

ಆ ಹುಡುಗಿಯದು ತಪ್ಪೇ? ಗ್ಯಾರೇಜಿಗೆ ಹುಡುಗನನ್ನ ಸೇರಿಸಿದರೆ ಮೊದಲು ಪಾನ ಎತ್ತಿಕೊಡೋದು, ಗ್ರೀಸು ಒರೆಸೋದು. ಎಂಜಿನ್ ಬಿಚ್ಚೋಕೆ ಮೇಸ್ತ್ರಿ ಬಿಡೋದಿಲ್ಲ. ಟೈಲರ್ ಅಂಗಡಿಯಲ್ಲಿ ಕಾಜಾ, ಗುಂಡಿ ಮುಗಿಸಿದ ಮೇಲೇ ಕತ್ತರಿ ಕೈಗೆ ಬರೋದು. ಎಲ್ ಬೋರ್ಡಿನ ಕಾರು ಓಡಿಸೋನ ಪಕ್ಕದಲ್ಲಿ ಪಕ್ಕಾ ಲೈಸೆನ್ಸಿನವನು ಕೂತಿರಲೇಬೇಕು ಅಂತ ಕಾನೂನೇ ಇದೆ. ಡಾಕ್ಟರಾಗೋರಿಗೆ ಒಂದು ವರ್ಷ ಹೌಸ್‌ಸರ್ಜನ್ ಕೆಲಸ, ಅದಕ್ಕೆ ಸ್ಟೈಪೆಂಡು. ಸಾಯಬೇಕು ಅನ್ನೋ ಮನುಷ್ಯನ ಎದುರು ಕೂರಿಸೋಕೆ ಮಾತ್ರ ಎಂಟು ದಿನ ಸಾಕಾಯ್ತು ನಮಗೆ.

ಈ ಮಾತು ಈಗ ಯಾಕೆ ಅಂತೀರಾ? 2025ರ ಜುಲೈ 25ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ವಿಶಾಖಪಟ್ಟಣದ ಹಾಸ್ಟೆಲಿನಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ಹದಿನೇಳರ ಹುಡುಗಿಯೊಬ್ಬಳು ಸತ್ತ ಪ್ರಕರಣ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರೋ ಎಲ್ಲ ಶಿಕ್ಷಣ ಸಂಸ್ಥೆಗಳೂ ಅರ್ಹ ಆಪ್ತ ಸಲಹೆಗಾರರನ್ನೋ, ಮನಶ್ಶಾಸ್ತ್ರಜ್ಞರನ್ನೋ, ಸಮಾಜ ಕಾರ್ಯಕರ್ತರನ್ನೋ ಕನಿಷ್ಠ ಒಬ್ಬರನ್ನ ಇಟ್ಟುಕೊಳ್ಳಲೇಬೇಕು ಅಂತ ಕೋರ್ಟು ಹೇಳಿತು. ಶಾಲೆ, ಕಾಲೇಜು ಮಾತ್ರ ಅಲ್ಲ, ಕೋಚಿಂಗ್ ಸೆಂಟರು, ಹಾಸ್ಟೆಲೂ ಅದರೊಳಗೇ ಬರುತ್ತವೆ. ಬಸ್ ಸ್ಟ್ಯಾಂಡಿನಿಂದ ಕೋರ್ಟ್ ಸರ್ಕಲ್ ತನಕ ನಡೆದುಕೊಂಡು ಹೋಗಿ, ಬೋರ್ಡುಗಳನ್ನ ಎಣಿಸಿ. ಅಷ್ಟಕ್ಕೂ ಜನ ಎಲ್ಲಿಂದ ತರ್ತೀರಿ? ಬಸ್ಸಿನಲ್ಲಿ ಅಳ್ತಾ ಕೂತಿದ್ದಳಲ್ಲ, ಅಂಥವರೇ ನಾಳೆ ಅಲ್ಲಿ ಕೂರೋರು. ಎದುರಿಗೆ ಬಂದು ಕೂರೋದು ನಿಮ್ಮ ಮಗ, ನಿಮ್ಮ ಮಗಳು.

ಅಂದಹಾಗೆ ಸೂಪರ್‌ವಿಷನ್ ಅಂದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕೋದಲ್ಲ. ಅನುಭವಸ್ಥರೊಬ್ಬರು ವಾರಕ್ಕೊಂದು ಗಂಟೆಯಾದರೂ ಕಲಿಯೋರನ್ನ ಎದುರಿಗೆ ಕೂರಿಸಿಕೊಂಡು, ಯಾರು ಬಂದಿದ್ದರು, ಅವರೇನಂದರು, ನೀನೇನಂದೆ, ಆ ಮಾತು ಯಾಕೆ ಅಂದೆ ಅಂತ ಒಂದೊಂದು ಕೇಸನ್ನೂ ಬಿಡಿಸಿ ಕೇಳೋದು. ಬಂದವರು ಒಪ್ಪಿದರೆ ಮಾತುಕತೆ ರೆಕಾರ್ಡು ಮಾಡಿ ಕೇಳಿಸೋದೂ ಉಂಟು. ಪುಸ್ತಕದಲ್ಲಿ ಇಲ್ಲದ್ದು ಅಲ್ಲಿ ಗೊತ್ತಾಗುತ್ತೆ. ಸಾಯೋ ಮಾತಾಡಿದವರ ಹತ್ತಿರ ಆ ವಿಷಯ ನೇರವಾಗಿ ಕೇಳಬೇಕು, ಕೇಳಿದರೆ ಯೋಚನೆ ಹೆಚ್ಚುತ್ತೆ ಅನ್ನೋದು ಸುಳ್ಳು. ಅವರನ್ನ ಒಂಟಿಯಾಗಿ ಕಳಿಸಬಾರದು. ಮನೆಯವರನ್ನ ಕರೆಸಬೇಕು, ಅವತ್ತೇ ಮನೋವೈದ್ಯರಿಗೆ ತೋರಿಸಬೇಕು. ಇನ್ನು ಮಂಕು ಕವಿದಿದೆ ಅಂತ ಬಂದವರಿಗೆ ಥೈರಾಯ್ಡ್ ತೊಂದರೆಯೂ ಇರಬಹುದು. ಅದಕ್ಕೆ ಬುದ್ಧಿಮಾತಲ್ಲ, ರಕ್ತಪರೀಕ್ಷೆ ಬೇಕು.

ಮತ್ತೊಂದಿದೆ. ಒಳಗಿನ ಮಾತು ಹೊರಗೆ ಹೋಗಬಾರದು ಅನ್ನೋದು ಈ ವೃತ್ತಿಯ ಮೊದಲ ಪಾಠ. ಆದರೆ ಹದಿನೈದರ ಹುಡುಗಿ ಬಂದು, ಸಂಬಂಧಿಕನೊಬ್ಬ ಮೈಮೇಲೆ ಕೈ ಹಾಕಿದ ಅಂದರೆ? ಟ್ರೇನಿ ಪಾಪ, "ಯಾರಿಗೂ ಹೇಳಲ್ಲ" ಅಂತ ಮಾತು ಕೊಟ್ಟಿರ್ತಾಳೆ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅವರ ಮೇಲೇ ಕೇಸು. ಆ ಗಳಿಗೆಯಲ್ಲಿ ಪಕ್ಕದ ಕೊಠಡಿಗೆ ಓಡಿಹೋಗಿ ಕೇಳೋಕೆ ಒಬ್ಬರು ಇರಬೇಕೋ ಬೇಡವೋ?

ಅಮೆರಿಕದಲ್ಲಿ ಈ ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಿ.ಎ.ಸಿ.ಆರ್.ಇ.ಪಿ. ಅನ್ನೋ ಸಂಸ್ಥೆಯ ಲೆಕ್ಕ ನೋಡಿ. ಮೊದಲು 100 ಗಂಟೆ ಅಭ್ಯಾಸ, ಆಮೇಲೆ 600 ಗಂಟೆ ಇಂಟರ್ನ್‌ಶಿಪ್. ಆ 600ರಲ್ಲಿ 240 ಗಂಟೆ ಜನರ ಜೊತೆ ನೇರ ಕೂತು ಮಾಡಿದ ಕೆಲಸವೇ ಆಗಿರಬೇಕು. ವಾರಕ್ಕೆ ಸರಾಸರಿ ಒಂದು ಗಂಟೆ ಸೂಪರ್‌ವಿಷನ್ ಕಡ್ಡಾಯ. ಅಮೆರಿಕ ದೂರವಾಯ್ತು ಅನ್ನೋದಾದರೆ ನಮ್ಮ ನಿಮ್ಹಾನ್ಸೇ ಇದೆಯಲ್ಲ. ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್. ಅಂದರೆ ಎರಡು ವರ್ಷ ಆಸ್ಪತ್ರೆಯಲ್ಲೇ ಗುರುಗಳ ಕೈಕೆಳಗೆ ದುಡಿಯೋದು. ಆದರೆ ಸೀಟು ಕೈಬೆರಳೆಣಿಕೆ, ಅರ್ಜಿ ಹಾಕೋರು ರಾಶಿ. ಉಳಿದವರೆಲ್ಲ ಎಂ.ಎ., ಎಂ.ಎಸ್ಸಿ. ಮಾಡಿ ಆಪ್ತ ಸಲಹೆಗೆ ಬರ್ತಾರೆ.

ಇವರಿಗೆ ಕಾನೂನಿನ ಕಟ್ಟು ಸಡಿಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವೃತ್ತಿಪರರ ಪಟ್ಟಿಯಲ್ಲಿ ಆಪ್ತ ಸಲಹೆಗಾರ ಅನ್ನೋ ಹೆಸರೇ ಇಲ್ಲ. 2021ರಲ್ಲಿ ಬಂದ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಇವರನ್ನ ಪಟ್ಟಿಗೆ ಸೇರಿಸಿತು, ಒಳ್ಳೇದಾಯ್ತು. ಆದರೆ ಆ ಕಾಯ್ದೆ ನಮ್ಮ ಪೇಟೆ ಬೀದಿಯ ಬೋರ್ಡುಗಳ ತನಕ ಇನ್ನೂ ಬಂದಂತಿಲ್ಲ. ಹದಿನೈದು ದಿನ ಮನೆಯಲ್ಲೇ ಕೂತು ಫೋನಿನಲ್ಲಿ ಇಂಟರ್ನ್‌ಶಿಪ್, ಫೀಜು ಕಟ್ಟಿದರೆ ಸರ್ಟಿಫಿಕೇಟು ಅನ್ನೋ ಜಾಹೀರಾತು ನನ್ನ ಫೋನಿಗೇ ಬಂದಿದೆ. ಕಲಿಯೋರೇ ದುಡ್ಡು ಕೊಟ್ಟು ಅಪ್ರೆಂಟಿಸ್ ಆಗೋ ಧಂದೆ ಬೇರೆ ಯಾವುದಿದೆಯೋ ನಾ ಕಾಣೆ.

2025ರ ಜುಲೈ-ಆಗಸ್ಟ್ ಸಾಲಿನಿಂದ ಮನಶ್ಶಾಸ್ತ್ರವನ್ನ ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಕಲಿಸಕೂಡದು ಅಂತ ಯು.ಜಿ.ಸಿ. ನಿಲ್ಲಿಸಿತು. ಸರಿಯಾದದ್ದೇ, ಅಂಚೆಯಲ್ಲಿ ಈಜು ಕಲಿಸೋಕಾಗುತ್ಯೇ? ಆದರೆ ಹಗಲು ಅಂಗಡಿಯಲ್ಲಿ ದುಡಿದು ರಾತ್ರಿ ಓದುತ್ತಿದ್ದ ಹೆಣ್ಣುಮಕ್ಕಳ ದಾರಿಯೂ ಅದರಿಂದ ಮುಚ್ಚಿತು. ಅವರಿಗೆ ಸಂಜೆ ಕಾಲೇಜು ಕೊಡಿ ಅಂತ ಕೇಳೋರು ಯಾರೂ ಕಾಣಲಿಲ್ಲ.

ಆ ಮೇಡಂ ಅವರನ್ನ ಬೈಯೋಕೆ ನಾನು ಹೊರಟಿಲ್ಲ. ವ್ಯಾಪಾರಸ್ಥರ ಹಾಗೆ ಲೆಕ್ಕ ಹಾಕಿ. ಹತ್ತು ಜನ ಟ್ರೇನಿಗಳು, ತಲೆಗೆ ವಾರಕ್ಕೊಂದು ಗಂಟೆ ಅಂದರೂ ಹತ್ತು ಗಂಟೆ. ಆಕೆಯ ವಾರದ ದುಡಿಮೆಯಲ್ಲಿ ಕಾಲು ಭಾಗ ಹೋಯಿತು. ಬಾಗಿಲಲ್ಲಿ ಕ್ಯೂ ನಿಂತಿದೆ. ವಿದ್ಯಾರ್ಥಿಯ ಹತ್ತಿರ ಫೀಜು ತಗೊಳ್ಳೋ ಕಾಲೇಜು ಈ ಹತ್ತು ಗಂಟೆಗೆ ಆಕೆಗೆ ಎಷ್ಟು ಕೊಡುತ್ತೆ? ಕೇಳಿ ನೋಡಿದೆ. ಒಂದು ಧನ್ಯವಾದ ಪತ್ರ, ವರ್ಷದ ಕೊನೆಗೊಂದು ಶಾಲು.

ದಾರಿ ಇಲ್ಲದೆ ಏನಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಕಾರ್ಯಕರ್ತರಿಗೂ ಮನೋರೋಗದ ತರಬೇತಿ ಕೊಟ್ಟರು. ತರಬೇತಿ ಕೊಟ್ಟು ಕೈತೊಳೆದುಕೊಳ್ಳಲಿಲ್ಲ, ಜಿಲ್ಲಾ ಮಟ್ಟದ ತಂಡ ಅವರ ಬೆನ್ನಿಗಿತ್ತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿದ್ದು ಆ ಮಾದರಿ ನೋಡಿಯೇ. ಆ ಕಾರ್ಯಕ್ರಮದ ತಂಡಕ್ಕೇ ಟ್ರೇನಿಗಳ ಸೂಪರ್‌ವಿಷನ್ ವಹಿಸಿ, ಆ ಗಂಟೆಗಳಿಗೆ ಕಾಲೇಜಿನಿಂದ ದುಡ್ಡು ಕಟ್ಟಿಸಿಕೊಂಡರೆ ಯಾರ ಗಂಟು ಹೋಗುತ್ತೆ? ದುಡ್ಡು ಕಟ್ಟದ ಕಾಲೇಜಿನ ಟ್ರೇನಿಯನ್ನ ತಗೋಬೇಡಿ. ಸಾಂತ್ವನ ಕೇಂದ್ರ, ಸಖಿ ಕೇಂದ್ರ, ಹಾಸ್ಟೆಲು, ಎಲ್ಲಿ ಹಾಕಿದರೂ ಸರಿ. ಟ್ರೇನಿ ಒಳಗಿದ್ದಾಗ ಹಿರಿಯರೊಬ್ಬರು ಅದೇ ಕಟ್ಟಡದಲ್ಲಿರಬೇಕು, ಇಲ್ಲವೇ ಫೋನಿಗಾದರೂ ಸಿಗಬೇಕು. ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ಒಂದು ಸಭೆಯ ಕೆಲಸ.

ಅಲ್ಲಿಯವರೆಗೆ, ಮಕ್ಕಳನ್ನ ಯಾವ ಆಪ್ತ ಸಲಹೆಗಾರರ ಹತ್ತಿರ ಕರೆದುಕೊಂಡು ಹೋದರೂ ಒಂದು ಪ್ರಶ್ನೆ ಕೇಳಿ: "ನಿಮಗೆ ಡೌಟು ಬಂದರೆ ನೀವು ಯಾರನ್ನ ಕೇಳ್ತೀರಿ?" ಬಲ್ಲವರು ಸಿಟ್ಟಾಗೋದಿಲ್ಲ, ಹೆಸರು ಹೇಳ್ತಾರೆ. ಕಷ್ಟದಲ್ಲಿರೋರಿಗೆ ಟೆಲಿ ಮಾನಸ್ ಅನ್ನೋ ಸರ್ಕಾರದ ಫೋನಿದೆ, 2022ರ ಅಕ್ಟೋಬರಿನಿಂದ. ನಂಬರು 14416. ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಫೋನ್ ಎತ್ತೋ ಸಲಹೆಗಾರರ ಹಿಂದೆ ತಜ್ಞರ ಇನ್ನೊಂದು ಸಾಲು ಇರುತ್ತೆ, ಕೈಮೀರಿದ್ದನ್ನ ಅವರಿಗೆ ದಾಟಿಸ್ತಾರೆ.

ಆ ನಂಬರನ್ನ ಹುಡುಗಿ ಫೈಲಿನ ಮೇಲೆ ಬರೆದುಕೊಂಡಳು. ಆ ಹೆಂಗಸಿನ ಊರಿನ ಆಶಾ ಕಾರ್ಯಕರ್ತೆಯನ್ನ ಹಿಡಿದು ವಿಚಾರಿಸಮ್ಮ, ಏನಾಗಿದೆ ಅಂತ ಊರಿಗೆಲ್ಲ ಹೇಳಬೇಡ, ಒಂದ್ಸಲ ಬರಹೇಳು ಸಾಕು ಅಂದೆ. ನಾಳೆ ಬೆಳಿಗ್ಗೆಯೇ ಕೇಳ್ತೀನಿ ಅಂದಳು. ಶನಿವಾರಕ್ಕೆ ಅವಳ ಇಂಟರ್ನ್‌ಶಿಪ್ ಮುಗಿಯುತ್ತಂತೆ. ಸೋಮವಾರದಿಂದ ಅದೇ ಕುರ್ಚಿಗೆ ಇನ್ನಿಬ್ಬರು ಬರ್ತಾರೆ.