ಸಮುದಾಯ ಭವನ ಕಟ್ಟಿದರು, ಸಮುದಾಯ ಕಟ್ಟಲಿಲ್ಲ

ನಮ್ಮೂರಿನ ಮೇಯರ್ ಒಬ್ಬರು ಅಧಿಕಾರ ಬಿಡುವ ವಾರ ಮನೆಮನೆಗೆ ಒಂದು ಕಿರುಹೊತ್ತಿಗೆ ಹಂಚಿಸಿದ್ದರು. ಹೆಸರು ‘ಒಂದು ವರ್ಷದ ಸಾಧನೆ’. ಹೊಳೆಯುವ ಕಾಗದ, ಪುಟಪುಟಕ್ಕೂ ಗುದ್ದಲಿ ಪೂಜೆಯ ಚಿತ್ರ. ಮೊನ್ನೆ ಊರಿಗೆ ಹೋದಾಗ ಅದು ಮತ್ತೆ ಕಣ್ಣಿಗೆ ಬಿತ್ತು. ಕಾಗದ ಗಟ್ಟಿಯಾಗಿದೆ ಅಂತ ಅಮ್ಮ ಅದನ್ನು ಅಡುಗೆಮನೆಯ ಗೂಡಿಗೆ ಹಾಸಿದ್ದರು. ಡಬ್ಬಿಗಳನ್ನು ಸರಿಸಿ ಮತ್ತೊಮ್ಮೆ ಓದಿದೆ.

ಅಧಿಕಾರ ವಹಿಸಿಕೊಂಡ ದಿನ ಆ ಮೇಯರ್ ಆಡಿದ ಮಾತು ಇನ್ನೂ ನೆನಪಿದೆ. ರಸ್ತೆ, ಚರಂಡಿ ಯಾರು ಬೇಕಾದರೂ ಮಾಡಿಸುತ್ತಾರೆ, ನಾನು ಈ ಊರಿನ ಜನರನ್ನು ಒಂದುಗೂಡಿಸುತ್ತೇನೆ, ಸಮುದಾಯ ಕಟ್ಟುತ್ತೇನೆ ಎಂದಿದ್ದರು. ನಾನಾಗ ಎಂ.ಎ. ಮುಗಿಸಿದ್ದ ಹುಡುಗ, ಪುಳಕಗೊಂಡಿದ್ದೆ. ಹೊತ್ತಿಗೆಯಲ್ಲಿ ‘ಸಮುದಾಯ ಅಭಿವೃದ್ಧಿ’ ಎಂಬ ತಲೆಬರಹದ ಕೆಳಗೆ ಏನಿದೆ ಎಂದು ಹುಡುಕಿದೆ. ಒಂದು ಜನಾಂಗದ ಭವನಕ್ಕೆ ಕಾಂಪೌಂಡು, ಇನ್ನೊಂದರ ಭವನಕ್ಕೆ ಮೇಲಂತಸ್ತು, ಮತ್ತೊಂದಕ್ಕೆ ಊಟದ ಹಾಲು, ಮಗದೊಂದಕ್ಕೆ ಬೋರ್‌ವೆಲ್ಲು. ಅಷ್ಟೆ. ನ್ಯಾಯವಾಗಿ ಹೇಳಬೇಕೆಂದರೆ ಅವರು ಮಾತು ತಪ್ಪಿರಲಿಲ್ಲ. ಕಟ್ಟುತ್ತೇನೆ ಎಂದರು, ಕಟ್ಟಿದರು. ಅವರು ಹೇಳಿದ ಸಮುದಾಯವೇ ಬೇರೆ, ನಾನು ಕೇಳಿಸಿಕೊಂಡ ಸಮುದಾಯವೇ ಬೇರೆ ಆಗಿತ್ತು.

ಈ ಪದ ಎಲ್ಲಿಂದ ಎಲ್ಲಿಗೆ ಬಂತು ನೋಡಿ. 1975ರಲ್ಲಿ ರಂಗಕರ್ಮಿಗಳು, ಲೇಖಕರು ಸೇರಿ ತಮ್ಮ ಸಂಘಟನೆಗೆ ‘ಸಮುದಾಯ’ ಎಂದು ಹೆಸರಿಟ್ಟಾಗ ಆ ಪದದೊಳಗೆ ಕೂಲಿಯವರು, ವಿದ್ಯಾರ್ಥಿಗಳು, ಕಾರ್ಖಾನೆಯವರು ಎಲ್ಲರಿಗೂ ಜಾಗವಿತ್ತು. ಬೀದಿಯನ್ನೇ ರಂಗಸ್ಥಳ ಮಾಡಿಕೊಂಡವರು ಅವರು. ಇವತ್ತು ಪತ್ರಿಕೆಯಲ್ಲಿ ‘ಸಮುದಾಯದ ಮುಖಂಡರು’ ಎಂದರೆ ಜಾತಿಯ ಮುಖಂಡರು. ‘ಸಮುದಾಯದ ಮತ’ ಎಂದರೆ ಜಾತಿಯ ಮತ. ಜಾತಿ ಎಂದು ಬಾಯಿಬಿಟ್ಟು ಹೇಳಲು ಸಂಕೋಚವಾದಾಗಲೆಲ್ಲ ನಾವು ಸಮುದಾಯ ಎನ್ನುತ್ತೇವೆ. ಮೇಯರ್ ಈ ವಿದ್ಯೆ ಕಲಿತದ್ದು ಮೇಲಿನವರಿಂದಲೇ. 2020ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಕೆಲವೇ ದಿನಗಳ ಅಂತರದಲ್ಲಿ ಮರಾಠರಿಗೊಂದು, ವೀರಶೈವ-ಲಿಂಗಾಯತರಿಗೊಂದು ಅಭಿವೃದ್ಧಿ ನಿಗಮ ಘೋಷಿಸಿತು. ರಾಜ್ಯಕ್ಕೆ ನಿಗಮವಾದರೆ ಊರಿಗೆ ಭವನ.

ಎಲ್ಲ ಭವನಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಛತ್ರಗಳ ಬಾಗಿಲು ತಮಗೆ ತೆರೆಯದ ಊರುಗಳಲ್ಲಿ ದಲಿತರು ಅಂಬೇಡ್ಕರ್ ಭವನ ಕೇಳುವುದು ಬೇರೆಯೇ ಕಥೆ. ಹಿಂದಿನ ಶತಮಾನದ ಮೊದಲಲ್ಲಿ ಜಾತಿಸಂಘಗಳು ತೆರೆದ ಹಾಸ್ಟೆಲುಗಳಿಲ್ಲದಿದ್ದರೆ ಹಳ್ಳಿಯ ಎಷ್ಟೋ ಹುಡುಗರು ಶಾಲೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ನನ್ನ ಜಗಳ ಇವುಗಳ ಜತೆಗಲ್ಲ. ಉಳ್ಳವರ ಭವನಕ್ಕೆ ಊರಿನ ತೆರಿಗೆ ಹಣದಲ್ಲಿ ಇನ್ನೊಂದು ಅಂತಸ್ತು ಏರಿಸಿ, ಅದನ್ನು ‘ಊರು ಕಟ್ಟಿದ ಲೆಕ್ಕ’ಕ್ಕೆ ಬರೆಯುತ್ತಾರಲ್ಲ, ಜಗಳ ಅದರ ಜತೆಗೆ.

ಹಾಗಾದರೆ ಎಲ್ಲರ ಜಾಗಗಳ ಗತಿಯೇನು? ನಮ್ಮ ಬಡಾವಣೆಯ ಪಾರ್ಕಿನ ಗೇಟಿಗೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬೀಗ. ಬೆಳಿಗ್ಗೆ ವಾಕಿಂಗ್ ಮಾಡುವವರಿಗೆ ಅದು ಸಿಗುತ್ತದೆ, ಮಧ್ಯಾಹ್ನ ಮರದ ಕೆಳಗೆ ಬುತ್ತಿ ಬಿಚ್ಚಬೇಕಾದ ಪೌರಕಾರ್ಮಿಕರಿಗೆ ಸಿಗುವುದಿಲ್ಲ. ಗ್ರಂಥಾಲಯದ ವಿಷಯ ಈ ಪತ್ರಿಕೆಯ ಓದುಗರಿಗೆ ಗೊತ್ತಿರಲೇಬೇಕು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ವಸೂಲು ಮಾಡುವುದು ಸ್ಥಳೀಯ ಸಂಸ್ಥೆ, ತಲುಪಬೇಕಾದದ್ದು ಗ್ರಂಥಾಲಯಕ್ಕೆ. ರಾಜ್ಯದಲ್ಲಿ ಈ ಹಣ ಬಾಕಿ ಉಳಿದ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಊರಿನಲ್ಲಿ ಯಾರೂ ಯಾರ ಜಾತಿಯನ್ನೂ ಕೇಳದೆ ಒಂದೇ ಬೆಂಚಿನಲ್ಲಿ ಕೂರುವ ಜಾಗ ಗ್ರಂಥಾಲಯ. ಮೇಯರ್ ಹೊತ್ತಿಗೆಯಲ್ಲಿ ಅದರ ಹೆಸರೇ ಇಲ್ಲ.

ಸಮುದಾಯ ಕಟ್ಟುವುದು ಎಂಬುದು ಭಾಷಣದ ಮಾತಷ್ಟೇ, ಅದನ್ನು ಅಳೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ಅಳತೆಗೋಲು ಕಾನೂನಿನಲ್ಲೇ ಇದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಮೂರು ಲಕ್ಷ ಜನಸಂಖ್ಯೆ ಮುಟ್ಟಿದ ಊರುಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕು ಎನ್ನುತ್ತದೆ. ನಮ್ಮ 1976ರ ಪೌರನಿಗಮಗಳ ಕಾಯ್ದೆಯಲ್ಲೂ ಅದಕ್ಕೆ ಜಾಗವಿದೆ. ಸಮಿತಿಗೆ ಪಾಲಿಕೆ ನೇಮಿಸುವ ಹತ್ತು ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಬೇಕು. ವಾರ್ಡಿನ ಯೋಜನೆ ತಯಾರಿಸುವುದು, ಹಣ ಎಲ್ಲಿ ಹೋಯಿತು ಎಂದು ನೋಡುವುದು ಈ ಸಮಿತಿಯ ಕೆಲಸ. ಯೋಚಿಸಿ: ತರಕಾರಿ ಗಾಡಿಯ ಅಕ್ಕ, ನಿವೃತ್ತ ಮೇಷ್ಟ್ರು, ಕಾಲೊನಿಯ ಹುಡುಗ, ಬಡಾವಣೆಯ ಸಂಘದ ಕಾರ್ಯದರ್ಶಿ ಒಂದೇ ಮೇಜಿನ ಸುತ್ತ ಕೂತು ಈ ಮೋರಿ ಮೊದಲೋ ಆ ಬೀದಿದೀಪ ಮೊದಲೋ ಎಂದು ಜಗಳವಾಡುವುದು. ಸಮುದಾಯ ಹುಟ್ಟುವುದು ಇಂಥ ಜಗಳದಲ್ಲೇ. ನಮ್ಮ ಮೇಯರ್ ಅವಧಿಯಲ್ಲಿ ಅಂಥ ಒಂದು ಸಮಿತಿಯೂ ಸಭೆ ಸೇರಲಿಲ್ಲ, ಏಕೆಂದರೆ ಒಂದೂ ರಚನೆಯಾಗಲಿಲ್ಲ.

ಹಳ್ಳಿಯವರಿಗೆ ಗ್ರಾಮಸಭೆ ಇದೆ. ಅಬ್ದುಲ್ ನಜೀರ್ ಸಾಬ್ 1980ರ ದಶಕದಲ್ಲಿ ಪಂಚಾಯತಿ ಸುಧಾರಣೆಗೆ ಪಟ್ಟು ಹಿಡಿದ ನಾಡು ಇದು. ಗ್ರಾಮಸಭೆಗಳಲ್ಲಿ ನೂರು ಕೊರತೆ ಇರಬಹುದು, ಆದರೂ ಎದ್ದು ನಿಂತು ಪ್ರಶ್ನೆ ಕೇಳಲು ಒಂದು ಜಾಗವಿದೆ. ಪಕ್ಕದ ಹಳ್ಳಿಯಲ್ಲಿರುವ ನಮ್ಮ ಮಾವ ಪಂಚಾಯತಿ ಲೆಕ್ಕ ಕೇಳಬಲ್ಲರು. ಪೇಟೆಯಲ್ಲಿ ಕೂತು ಪಿಎಚ್.ಡಿ. ಮಾಡುತ್ತಿರುವ ನನಗೆ ಆ ಭಾಗ್ಯವಿಲ್ಲ.

ಮೇಯರ್ ಪರವಾಗಿ ಹೇಳುವವರ ವಾದ ಗೊತ್ತು. ಪಾಪ, ಅವರಿಗಿರುವುದು ಒಂದೇ ವರ್ಷ. ಮೀಸಲಾತಿ ಪಟ್ಟಿಯಲ್ಲಿ ಯಾರ ಸರದಿ ಬರುತ್ತದೋ ಅವರಿಗೆ ಗೌನು. ಗೌನಿನ ಅಳತೆ ಸರಿಹೋಗುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಕಡತಕ್ಕೆ ಸಹಿ ಹಾಕುವ ಅಧಿಕಾರ ಸರ್ಕಾರ ಕಳಿಸಿದ ಆಯುಕ್ತರದು. ಇದೆಲ್ಲ ನಿಜ. ಐದು ವರ್ಷದ ಪಾಲಿಕೆಗೆ ಐವರು ಮೇಯರ್‌ಗಳನ್ನು ಕೂರಿಸುವ ವ್ಯವಸ್ಥೆಯೇ ಮೇಯರ್ ಏನೂ ಮಾಡದಂತೆ ನೋಡಿಕೊಳ್ಳುತ್ತದೆ. ಆದರೆ ಈ ವಾದದಲ್ಲಿ ಒಂದು ತೂತಿದೆ. ಮೇಲಂತಸ್ತು ಏರಿಸಲು ಒಂದು ವರ್ಷ ಸಾಕಾಯಿತು. ಕಂಟ್ರಾಕ್ಟರು, ಅಂದಾಜು ಪಟ್ಟಿ, ಬಿಲ್ಲು ಎಲ್ಲವೂ ಆ ಒಂದೇ ವರ್ಷದಲ್ಲಿ ಆದವು. ಹತ್ತು ಜನರ ಹೆಸರು ಬರೆದು ಒಂದು ಸಮಿತಿಗೆ ನಿರ್ಣಯ ಮಾಡಲು ಮಾತ್ರ ಸಮಯ ಸಾಲಲಿಲ್ಲವೇ? ಅದಕ್ಕೆ ಸಿಮೆಂಟು ಬೇಡ, ಟೆಂಡರು ಬೇಡ. ಬೇಕಾದದ್ದು ತನ್ನ ಕೈಯಲ್ಲಿರುವ ಸ್ವಲ್ಪ ಅಧಿಕಾರವನ್ನು ಹಂಚಿಕೊಳ್ಳುವ ಮನಸ್ಸು.

ಆ ಮನಸ್ಸಿಗೆ ಅಡ್ಡ ಬರುವುದು ಕಾರ್ಪೊರೇಟರುಗಳ ಹೆದರಿಕೆ. ವಾರ್ಡ್ ಸಮಿತಿ ಬಂದರೆ ನಾಳೆಯ ಪ್ರತಿಸ್ಪರ್ಧಿ ಅಲ್ಲೇ ಬೆಳೆಯುತ್ತಾನೆ ಎಂಬ ಲೆಕ್ಕ. ಭವನ ಕೊಟ್ಟರೆ ಒಬ್ಬ ಮುಖಂಡ ಕೃತಜ್ಞನಾಗಿರುತ್ತಾನೆ, ಸಮಿತಿ ಕೊಟ್ಟರೆ ಹತ್ತು ಜನ ಪ್ರಶ್ನೆ ಕೇಳುತ್ತಾರೆ. ಮಂಗಳೂರಿನಲ್ಲಿ ವಾರ್ಡ್ ಸಮಿತಿಗಳು ರಚನೆಯಾಗಲು ನಾಗರಿಕರು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಮೂವತ್ತು ವರ್ಷ ಹಳೆಯ ಹಕ್ಕನ್ನು ಪಡೆಯಲು ವಕಾಲತ್ತು ಹಾಕಬೇಕಾದ ಸ್ಥಿತಿ ನಮ್ಮದು.

ಮೇಯರ್‌ಗಳನ್ನು ಹೀಗೆ ಬೈಯುವಾಗ ಒಂದು ಅಪಾಯವೂ ಇದೆ. ಈ ರಾಜಕಾರಣಿಗಳೇ ಬೇಡ, ಅಧಿಕಾರಿಗಳಿದ್ದರೆ ಊರು ಸ್ವಚ್ಛವಾಗಿರುತ್ತದೆ ಎನ್ನುವವರು ಇದನ್ನು ಓದಿ ತಲೆದೂಗಬಹುದು. ಅವರ ಆಸೆ ಈಗಾಗಲೇ ಈಡೇರಿದೆ. 2018ರಲ್ಲಿ ಚುನಾವಣೆ ನಡೆದ ಮೈಸೂರು, ಶಿವಮೊಗ್ಗ ಪಾಲಿಕೆಗಳ ಅವಧಿ 2023ರ ಕೊನೆಗೆ ಮುಗಿಯಿತು. ಹೊಸ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಬೆಂಗಳೂರಿನಲ್ಲಿ ಚುನಾಯಿತ ಪಾಲಿಕೆ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು ಐದು ವರ್ಷ ತುಂಬಿದಾಗಲೂ ಮತದಾನ ನಡೆದಿರಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎನ್ನುವುದು ಸಂವಿಧಾನದ 243-ಯು ವಿಧಿ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಇದನ್ನು ಖಡಾಖಂಡಿತವಾಗಿ ಹೇಳಿದೆ. ಪಕ್ಷ ಯಾವುದಿದ್ದರೂ ಸರ್ಕಾರಗಳ ನಡೆ ಇದೇ. ಮಾತು ತಪ್ಪಿದ ಮೇಯರನ್ನು ನಾವು ಮುಂದಿನ ಸಲ ಮನೆಗೆ ಕಳಿಸಬಹುದು. ಆಡಳಿತಾಧಿಕಾರಿ ನಮಗೆ ಯಾವ ಮಾತನ್ನೂ ಕೊಟ್ಟಿಲ್ಲ, ಹಾಗಾಗಿ ತಪ್ಪುವ ಪ್ರಶ್ನೆಯೇ ಇಲ್ಲ. ಕೆಟ್ಟ ಮೇಯರ್‌ಗೆ ಮದ್ದು ಹೆಚ್ಚು ಅಧಿಕಾರ, ಹೆಚ್ಚು ಅವಧಿ ಮತ್ತು ಅವರ ಕೆಳಗೆ ಪ್ರಶ್ನೆ ಕೇಳುವ ವಾರ್ಡ್ ಸಮಿತಿ. ಮೇಯರ್ ಇಲ್ಲದಿರುವುದು ಮದ್ದಲ್ಲ.

ಕೊನೆಯ ದೂರು ನನ್ನ ಮೇಲೆ, ನನ್ನಂಥವರ ಮೇಲೆ. ಕಳೆದ ವರ್ಷ ನಮ್ಮ ಓದುಗರ ಬಳಗ ಊರಿನಲ್ಲಿ ಒಂದು ಕವಿಗೋಷ್ಠಿ ನಡೆಸಿತು. ಗೆಳೆಯರೊಬ್ಬರ ಚಿಕ್ಕಪ್ಪನ ದಯೆಯಿಂದ ಒಂದು ಜಾತಿಯ ಸಮುದಾಯ ಭವನ ಪುಕ್ಕಟೆ ಸಿಕ್ಕಿತು, ನಾವು ಖುಷಿಯಿಂದ ಒಪ್ಪಿಕೊಂಡೆವು. ಪೋಸ್ಟರ್ ನೋಡಿದ ಬಿ.ಎ. ಓದುವ ಹುಡುಗಿಯೊಬ್ಬಳು ನನಗೆ ಫೋನ್ ಮಾಡಿ, “ಅಣ್ಣಾ, ಅಲ್ಲಿಗೆ ನಾವೂ ಬರಬಹುದಾ?” ಎಂದಳು. ಬರಬಹುದು, ಯಾರೂ ಏನೂ ಅನ್ನುವುದಿಲ್ಲ ಎಂದೆ. ಅವಳು ಬರಲಿಲ್ಲ. ಅವತ್ತು ವೇದಿಕೆಯಲ್ಲಿ ಮಾನವತೆಯ ಬಗ್ಗೆ ಕನಿಷ್ಠ ಆರು ಕವಿತೆ ಓದಿದರು.

ಆ ಫೋನಿನ ಪ್ರಶ್ನೆಯೇ ನನ್ನ ಪಾಲಿಗೆ ಮೇಯರ್ ಪ್ರಗತಿಯ ವರದಿ. ಮುಂದಿನ ಚುನಾವಣೆಗೆ ಮತ ಕೇಳಲು ಬಂದವರಿಗೆ ಎಷ್ಟು ಭವನ ಕಟ್ಟಿದಿರಿ ಎಂದು ಕೇಳುವುದನ್ನು ಬಿಡೋಣ. ನಮ್ಮ ವಾರ್ಡ್ ಸಮಿತಿಯ ಮೊದಲ ಸಭೆ ಯಾವ ತಾರೀಖು, ಗ್ರಂಥಾಲಯ ಕರದ ಬಾಕಿ ಎಷ್ಟು, ಪಾರ್ಕಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳೋಣ. ಮುಂದಿನ ಕವಿಗೋಷ್ಠಿಯನ್ನು ನಾವು ಗ್ರಂಥಾಲಯದ ಅಂಗಳದಲ್ಲಿ ಮಾಡುತ್ತೇವೆ. ಅಲ್ಲಿ ಫ್ಯಾನಿಲ್ಲ, ಮೈಕಿಗೆ ನಾವೇ ದುಡ್ಡು ಹಾಕಬೇಕು. ಆದರೆ ಬರಬಹುದಾ ಎಂದು ಯಾರೂ ಫೋನ್ ಮಾಡಿ ಕೇಳಬೇಕಾಗಿಲ್ಲ.