ಗಡಿಗೆ ಸಿಕ್ಕರೆ ಗಿರವಿ ಅಂಗಡಿಗೆ ಒಯ್ಯಬೇಡಿ

ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಕಡೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ, ಎಲ್ಲಿ ನೋಡಿದರೂ ಮಣ್ಣು ಅಗೆಯುವ ಕೆಲಸವೇ. ಇಲ್ಲಿ ಶೆಡ್ಡಿಗೆ ಪಾಯ, ಅಲ್ಲಿ ಲೇಔಟಿಗೆ ಮೋರಿ. ಜೆಸಿಬಿ ಎತ್ತಿ ಸುರಿದ ಮಣ್ಣಿನಲ್ಲಿ ಏನಿತ್ತು ಅಂತ ಕೇಳುವವರು ಯಾರು?

ಕೇಳಬೇಕು ಸ್ವಾಮಿ. 1891ರಲ್ಲಿ ಯಶವಂತಪುರದಲ್ಲಿ ರೈಲು ದಾರಿಯ ಕೆಲಸಕ್ಕೆ ನೆಲ ಅಗೆದಾಗ ಗಡಿಗೆಯೊಂದು ಸಿಕ್ಕಿತು. ಒಳಗೆ 163 ಬೆಳ್ಳಿ ನಾಣ್ಯ. 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಹತ್ತಿರ ಇನ್ನೊಂದು ಗಂಟು, 256 ನಾಣ್ಯ. ಎರಡೂ ರೋಮ್ ಚಕ್ರವರ್ತಿಗಳ ಕಾಲದ ‘ದಿನೇರಿಯಸ್’. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಇಂಥವು ಸಿಕ್ಕಿವೆ. ಎಚ್.ಎ.ಎಲ್. ನಮಗೇನು ದೂರವೇ?

ಈ ನಾಣ್ಯ ಗುರುತಿಸುವುದು ಕಷ್ಟವಲ್ಲ. ತೂಕ ನಾಲ್ಕು ಗ್ರಾಮಿಗೆ ತುಸು ಕಮ್ಮಿ. ಒಂದು ಕಡೆ ದೊರೆಯ ತಲೆ. ಅಗಸ್ಟಸ್‌ನದಾದರೆ ಹಿಂದೆ ಇಬ್ಬರು ಹುಡುಗರು ಗುರಾಣಿ, ಭರ್ಜಿಗಳ ಜೊತೆ ನಿಂತಿರುತ್ತಾರೆ. ಅವನ ಮೊಮ್ಮಕ್ಕಳು, ದತ್ತು ಮಕ್ಕಳೂ ಹೌದು. ಟೈಬೀರಿಯಸ್‌ನದಾದರೆ ಒಬ್ಬ ಹೆಂಗಸು ಕೂತಿರುತ್ತಾಳೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವುದು ಈ ಎರಡೇ. ಇವುಗಳ ಟಂಕಸಾಲೆ ರೋಮ್‌ನಲ್ಲಲ್ಲ, ಗಾಲ್ ಪ್ರಾಂತ್ಯದ ಲಿಯಾನ್‌ನಲ್ಲಿ ಅಂತ ಪಂಡಿತರು ಹೇಳುತ್ತಾರೆ.

ಅಂಗಡಿಯವರಿಗೆ ರುಚಿಸುವ ಸಂಗತಿ ಬೇರೆ ಇದೆ. ಸರಕಿನ ಹಡಗು ಹೊರಡುತ್ತಿದ್ದದ್ದು ಈಜಿಪ್ಟಿನ ಬಂದರಿನಿಂದ. ಆ ಪ್ರಾಂತ್ಯಕ್ಕೆ ತನ್ನದೇ ನಾಣ್ಯವಿತ್ತು, ಆದರೆ ಬೆರಕೆ ಬೆಳ್ಳಿ, ಅಲ್ಲೇ ಚಲಾವಣೆ. ಮೆಣಸಿನ ವ್ಯಾಪಾರಕ್ಕೆ ಅದು ನಡೆಯಲಿಲ್ಲ, ಒಳ್ಳೇ ದಿನೇರಿಯಸ್ಸೇ ಬಂತು. ಕ್ರಿ.ಶ. 64ರಲ್ಲಿ ನೀರೋ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ಆಮೇಲಿನ ಬೆಳ್ಳಿ ನಾಣ್ಯ ನಮ್ಮ ಕಡೆಯ ಗಂಟುಗಳಲ್ಲಿ ಅಪರೂಪ. ನಮ್ಮ ವರ್ತಕರು ಉಗುರಿನಲ್ಲೇ ಕಂಡುಹಿಡಿದು ಒಲ್ಲೆ ಅಂದಿರಬೇಕು! ಇಂಡಿಯಾ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನುಂಗುತ್ತದೆ ಅಂತ ಪ್ಲಿನಿ ಗೊಣಗಿದ್ದಾನೆ. ನಾಲ್ಕಕ್ಕೆ ಒಂದು ದಿನೇರಿಯಸ್. ಲೆಕ್ಕ ನೀವೇ ಹಾಕಿ.

ಈಗ ಮಾತಿಗೆ ಬರೋಣ. ಗಡಿಗೆ ಸಿಕ್ಕ ಕೂಲಿಯವನು ಏನು ಮಾಡುತ್ತಾನೆ? ಹೆದರುತ್ತಾನೆ. ಕಚೇರಿಗೆ ಹೋದರೆ ಉಳಿದದ್ದೆಲ್ಲಿ ಅಂತ ಕೇಳಿಯಾರು ಅಂತ. ಆದ್ದರಿಂದ ನಾಲ್ಕು ಜನ ಹಂಚಿಕೊಂಡು ತೂಕದ ಮೇಲೆ ಮಾರುತ್ತಾರೆ, ಮಾರನೇ ದಿನ ಅದು ಕಾಲ್ಗೆಜ್ಜೆ. ಒಟ್ಟಾಗಿದ್ದರೆ ಕೊನೆಯ ನಾಣ್ಯ ನೋಡಿ ಗಡಿಗೆ ಹೂತ ಕಾಲ ಹೇಳಬಹುದಿತ್ತು. ಚದುರಿದರೆ ಬರೀ ಬೆಳ್ಳಿ.

ನಾಣ್ಯ ಸಂಗ್ರಹಿಸುವ ಹವ್ಯಾಸಿಗಳೂ ಕೇಳಿ. ಎಲ್ಲಿ ಸಿಕ್ಕಿತು ಅಂತ ಹೇಳದವನ ಹತ್ತಿರ ಕೊಳ್ಳಬೇಡಿ. ಒಂದೋ ಅಚ್ಚಿಗೆ ಹೊಯ್ದ ನಕಲಿ, ಅಂಚಿನಲ್ಲಿ ಗೆರೆ ಕಾಣುತ್ತದೆ. ಇಲ್ಲಾ ಮುಚ್ಚಿಟ್ಟ ನಿಧಿ. ಪ್ರಾಚ್ಯವಸ್ತು ಮಾರಾಟಕ್ಕೆ 1972ರ ಕಾಯ್ದೆ ಪ್ರಕಾರ ಲೈಸೆನ್ಸು ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ನಿಧಿ ಸಿಕ್ಕರೆ ಸರಕಾರಕ್ಕೆ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಪಾಯ ತೋಡುವವನಿಗೆ ಅದನ್ನು ಹೇಳುವವರಾರು? ಕಟ್ಟಡದ ಪರವಾನಗಿ ಜೊತೆ ಕನ್ನಡದಲ್ಲಿ ಒಂದು ಚೀಟಿ ಕೊಡಲಿ. ತಂದು ಒಪ್ಪಿಸಿದವನ ಎದುರಿಗೇ ಎಣಿಸಿ, ತೂಗಿ, ರಶೀದಿ ಬರೆಯಲಿ. ಅವನಿಗೆ ಸಲ್ಲುವ ಹಣಕ್ಕೆ ವರ್ಷಗಟ್ಟಲೆ ಅಲೆಸದಿರಲಿ. ಮುಂದಿನ ಮಳೆಗಾಲದೊಳಗೆ ಇಷ್ಟಾದರೂ ಆಗಬೇಕು. ಜೆಸಿಬಿಯಂತೂ ನಮಗಾಗಿ ಕಾಯುವುದಿಲ್ಲ.